ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪದವಿ

ಮೈಸೂರು ವಿಶ್ವವಿದ್ಯಾನಿಲಯ 1916ರ ಜುಲೈ 27ರಂದು ಸ್ಥಾಪನೆಯಾದಾಗ ಅದರ ಆಧಾರವಾಗಿದ್ದದ್ದು ಎರಡು ಕಾಲೇಜುಗಳು. ವಿಜ್ಞಾನದ ಪಾಠ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಯಿತು, ಕಲಾವಿಷಯಗಳು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಉಳಿದವು. ತತ್ತ್ವಶಾಸ್ತ್ರ ಮೈಸೂರು ನಗರದ ವಿಷಯವಾದದ್ದು ಈ ಹಂಚಿಕೆಯಿಂದ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಈ ಒಂದು ಕಾಲೇಜಿನ ಸುತ್ತ ಸೇರಿದ್ದ ಅಧ್ಯಾಪಕರ ಹೆಸರುಗಳನ್ನು ನೋಡಿದರೆ, ಭಾರತದಲ್ಲಿ ತತ್ತ್ವಶಾಸ್ತ್ರವನ್ನು ಪದವಿಗಾಗಿ ಓದುವುದೆಂದರೆ ಏನು ಎಂಬುದನ್ನು ಗೊತ್ತುಮಾಡಿದ ಊರುಗಳಲ್ಲಿ ಮೈಸೂರೂ ಒಂದು ಎನ್ನಲು ಅಡ್ಡಿಯಿಲ್ಲ.

ಆದರೆ ಊರಿಗೆ ದರ್ಶನಗಳ ಓದು ಹೊಸದಾಗಿರಲಿಲ್ಲ. 1876ರಲ್ಲಿ ಆರಂಭವಾದ ಸಂಸ್ಕೃತ ಪಾಠಶಾಲೆ, ಈಗಿನ ಮಹಾರಾಜ ಸಂಸ್ಕೃತ ಕಾಲೇಜು, ಅರಮನೆಯ ಆಶ್ರಯದಲ್ಲಿ ನಡೆಯುತ್ತಿತ್ತು. ಅಲ್ಲಿ ವೇದ, ವ್ಯಾಕರಣ, ತರ್ಕ, ಮೀಮಾಂಸೆಗಳ ಜೊತೆಗೆ ಅದ್ವೈತ, ವಿಶಿಷ್ಟಾದ್ವೈತ, ದ್ವೈತ ವೇದಾಂತಗಳನ್ನು ಬೇರೆಬೇರೆ ಶಾಸ್ತ್ರಗಳಾಗಿ ಕಲಿಸುತ್ತಿದ್ದರು. ವಿದ್ಯಾರ್ಥಿ ಮೊದಲು ಕಾವ್ಯ ವ್ಯಾಕರಣಗಳಲ್ಲಿ ಪಳಗಿ, ಆಮೇಲೆ ಒಂದು ಶಾಸ್ತ್ರವನ್ನು ಹಿಡಿದು, ವರ್ಷಗಟ್ಟಲೆ ಅದರಲ್ಲೇ ಕೂತು ವಿದ್ವತ್ ಪರೀಕ್ಷೆಗೆ ಸಿದ್ಧನಾಗುತ್ತಿದ್ದ. ಮೂಲಗ್ರಂಥ, ಅದರ ಭಾಷ್ಯ, ಭಾಷ್ಯಕ್ಕೊಂದು ಟೀಕೆ, ಟೀಕೆಗೊಂದು ಟಿಪ್ಪಣಿ ಎಂದು ಪಂಕ್ತಿ ಪಂಕ್ತಿಯಾಗಿ ಪಾಠ ಇಳಿಯುತ್ತಿತ್ತು. ಪಂಡಿತರು ವಾಕ್ಯಾರ್ಥ ನಡೆಸುವಾಗ ಇದಿರು ಪಕ್ಷದ ವಾದವನ್ನು ಅವರದೇ ಮಾತಿನಲ್ಲಿ ಮಂಡಿಸಿ ಬಳಿಕ ಖಂಡಿಸಬೇಕಾಗಿತ್ತು. ಹಾಗಾಗಿ ಪಾಠಶಾಲೆಯ ವಿದ್ಯಾರ್ಥಿಗೆ ಬೇರೆ ದರ್ಶನಗಳ ಪರಿಚಯ ಇರುತ್ತಿರಲಿಲ್ಲ ಎನ್ನುವುದು ಸರಿಯಲ್ಲ. ಪರಿಚಯ ಬೇಕಾದಷ್ಟಿತ್ತು. ಆದರೆ ಅವು ಅವನ ಓದಿನಲ್ಲಿ ಪೂರ್ವಪಕ್ಷಗಳಾಗಿ ಬರುತ್ತಿದ್ದವು. ಸಿದ್ಧಾಂತದ ಪೀಠ ತಾನು ಹಿಡಿದ ಶಾಸ್ತ್ರಕ್ಕೆ ಮೀಸಲು.

ಮಹಾರಾಜ ಕಾಲೇಜಿನ ಬೇರು 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆಸಿದ ಇಂಗ್ಲಿಷ್ ಶಾಲೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದು ಬಿ.ಎ. ತನಕ ಪಾಠ ಹೇಳುವ ಕಾಲೇಜಾಗಿತ್ತು, ಪರೀಕ್ಷೆ ಮಾತ್ರ ಮದರಾಸು ವಿಶ್ವವಿದ್ಯಾನಿಲಯದ್ದು. ಮದರಾಸು, ಕಲ್ಕತ್ತ, ಬೊಂಬಾಯಿ ವಿಶ್ವವಿದ್ಯಾನಿಲಯಗಳು 1857ರಲ್ಲಿ ಲಂಡನ್ನಿನ ಮಾದರಿಯಲ್ಲಿ ಹುಟ್ಟಿದವು. ಅದಕ್ಕೆ ಮೂರು ವರ್ಷ ಮೊದಲು, 1854ರ ವುಡ್ ಖಲೀತೆಯಲ್ಲಿ, ಸರ್ಕಾರದ ವಿದ್ಯಾಸಂಸ್ಥೆಗಳಲ್ಲಿ ಮತಬೋಧನೆ ಕೂಡದೆಂಬ ನೀತಿ ಸ್ಪಷ್ಟವಾಗಿ ದಾಖಲಾಗಿತ್ತು. ಈ ನೀತಿಯಿಂದಾಗಿ ಧರ್ಮ ಎಂಬುದು ಪದವಿಯ ವಿಷಯವಾಗಲಿಲ್ಲ. ಅದರ ಬದಲು ಮನಸ್ಸಿನ ಸ್ವರೂಪ, ತರ್ಕ, ನೀತಿ ಇವುಗಳನ್ನು ಒಟ್ಟುಗೂಡಿಸಿದ ‘ಮೆಂಟಲ್ ಅಂಡ್ ಮಾರಲ್ ಸೈನ್ಸ್’ ಎಂಬ ವಿಷಯ ಬಂತು. ಅದರ ಪುಸ್ತಕಗಳೆಲ್ಲ ಬಹುಮಟ್ಟಿಗೆ ಇಂಗ್ಲೆಂಡ್ ಸ್ಕಾಟ್ಲೆಂಡ್‌ಗಳವು. ಶಂಕರ ರಾಮಾನುಜರ ನಾಡಿನ ಹುಡುಗ ತತ್ತ್ವಶಾಸ್ತ್ರದಲ್ಲಿ ಪದವಿ ಪಡೆಯಬೇಕಾದರೆ ಮುಖ್ಯವಾಗಿ ಐರೋಪ್ಯರನ್ನು ಓದಬೇಕಾಗಿತ್ತು. ಇದೇ ವಿಷಯವನ್ನು ಮದರಾಸಿನಲ್ಲಿ ಓದಿದ ಎಸ್. ರಾಧಾಕೃಷ್ಣನ್ ತಮ್ಮ ಎಂ.ಎ. ಪ್ರಬಂಧಕ್ಕೆ ವೇದಾಂತದ ನೀತಿಯನ್ನು ಆರಿಸಿಕೊಂಡದ್ದು, 1908ರಲ್ಲಿ ಅದು ಅಚ್ಚಾದದ್ದು, ಆ ಕೊರತೆಗೆ ಕೊಟ್ಟ ಉತ್ತರವೇ ಆಗಿತ್ತು.

ಹೊಸ ವಿಶ್ವವಿದ್ಯಾನಿಲಯಕ್ಕೆ ಮದರಾಸಿನ ಹಂಗು ಇರಲಿಲ್ಲ. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ಕುಲಾಧಿಪತಿ ನಾಲ್ವಡಿ ಕೃಷ್ಣರಾಜ ಒಡೆಯರು, ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಧ್ಯೇಯವಾಕ್ಯವನ್ನು ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದಿಂದ ಆರಿಸಿಕೊಂಡರು. ತತ್ತ್ವಶಾಸ್ತ್ರ ವಿಭಾಗಕ್ಕೆ 1917ರಲ್ಲಿ ಬಂದವರು ಬೊಂಬಾಯಿಯ ಪಾರ್ಸಿ ವಿದ್ವಾಂಸ ಎ.ಆರ್. ವಾಡಿಯಾ. ಇಂಗ್ಲೆಂಡಿನಲ್ಲಿ ಓದಿ ಬಂದಿದ್ದ ಅವರ ಒಲವು ಪಾಶ್ಚಾತ್ಯ ಭಾವವಾದ ಮತ್ತು ಸಮಾಜ ಚಿಂತನೆಯ ಕಡೆಗೆ. ಸ್ತ್ರೀಸಮಾನತೆಯ ಪ್ರಶ್ನೆಯನ್ನು ನೀತಿಶಾಸ್ತ್ರದ ಕಡೆಯಿಂದ ಪರಿಶೀಲಿಸಿದ ಅವರ ‘ದಿ ಎಥಿಕ್ಸ್ ಆಫ್ ಫೆಮಿನಿಸಂ’ 1923ರಲ್ಲೇ ಹೊರಬಂದಿತ್ತು. ಇಂಥ ಪುಸ್ತಕ ಮೈಸೂರಿನ ತತ್ತ್ವಶಾಸ್ತ್ರದ ಮೇಜಿನಿಂದ ಎದ್ದು ಬಂತೆಂಬುದನ್ನು ಇಂದು ನೆನೆಯುವವರು ಕಡಿಮೆ, ನೆನೆಯಬೇಕು. ವಾಡಿಯಾ ಕಾಲು ಶತಮಾನದಷ್ಟು ಕಾಲ ಮೈಸೂರಿನಲ್ಲಿದ್ದು ವಿಭಾಗವನ್ನು ಕಟ್ಟಿದರು.

ರಾಧಾಕೃಷ್ಣನ್ ಬಂದದ್ದು 1918ರಲ್ಲಿ. ಆಗ ಅವರಿಗೆ ಮೂವತ್ತು ವರ್ಷ. ಮೈಸೂರಿನಲ್ಲಿದ್ದದ್ದು ಮೂರೇ ವರ್ಷವಾದರೂ ಅವರ ಬರವಣಿಗೆ ಗಟ್ಟಿಯಾದದ್ದು ಇಲ್ಲಿಯೇ. ರವೀಂದ್ರನಾಥ ಠಾಕೂರರ ದರ್ಶನವನ್ನು ಕುರಿತ ಪುಸ್ತಕ 1918ರಲ್ಲಿ ಬಂತು. 1920ರಲ್ಲಿ ಬಂದ ‘ದಿ ರೇನ್ ಆಫ್ ರಿಲಿಜನ್ ಇನ್ ಕಾಂಟೆಂಪೊರರಿ ಫಿಲಾಸಫಿ’ಯ ವಾದ ಹೆಚ್ಚು ದಿಟ್ಟತನದ್ದು. ಲೈಬ್ನಿಟ್ಸ್, ಬೆರ್ಗ್‌ಸಾನ್, ವಿಲಿಯಂ ಜೇಮ್ಸ್ ಮೊದಲಾದವರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ಇವರು ತಮ್ಮ ಮತಶ್ರದ್ಧೆ ತಮ್ಮ ತತ್ತ್ವವಿಚಾರವನ್ನು ಎಳೆದೊಯ್ಯಲು ಬಿಟ್ಟಿದ್ದಾರೆ, ಪೂರ್ವಗ್ರಹವಿಲ್ಲದೆ ವಿಚಾರ ಮಾಡಿದರೆ ನಿಲುಗಡೆ ಅಖಂಡ ಭಾವವಾದದಲ್ಲಿ ಎಂದು ಅವರು ಹೇಳಿದರು. ಭಾರತೀಯರ ತತ್ತ್ವಜ್ಞಾನವೆಂದರೆ ಬರೀ ಮತಧರ್ಮ ಎಂಬ ಐರೋಪ್ಯ ಆಕ್ಷೇಪ ಹಳೆಯದು. ಅದೇ ಆಕ್ಷೇಪವನ್ನು ಮೈಸೂರಿನ ಪ್ರಾಧ್ಯಾಪಕರೊಬ್ಬರು ಐರೋಪ್ಯರ ಮೇಲೆಯೇ ತಿರುಗಿಸಿದರು. 1921ರಲ್ಲಿ ಅವರು ಊರು ಬಿಟ್ಟಾಗ ವಿದ್ಯಾರ್ಥಿಗಳು ಗಾಡಿಗೆ ಹೂ ಕಟ್ಟಿ, ಕುದುರೆ ಬಿಚ್ಚಿ, ತಾವೇ ಮೂಕಿಗೆ ಹೆಗಲು ಕೊಟ್ಟು ರೈಲ್ವೆ ನಿಲ್ದಾಣದ ತನಕ ಎಳೆದುಕೊಂಡು ಹೋದ ಸಂಗತಿ ಪ್ರಸಿದ್ಧವಾಗಿದೆ. ಅಧ್ಯಾಪಕನೊಬ್ಬನಿಗೆ, ಅದೂ ತತ್ತ್ವಶಾಸ್ತ್ರದ ಅಧ್ಯಾಪಕನಿಗೆ, ಒಂದು ಊರು ಕೊಟ್ಟ ಗೌರವ ಅದು.

ರಾಧಾಕೃಷ್ಣನ್ ಹೋದದ್ದು ಕಲ್ಕತ್ತ ವಿಶ್ವವಿದ್ಯಾನಿಲಯದ ಐದನೇ ಜಾರ್ಜ್ ಪೀಠಕ್ಕೆ. ಆ ಪೀಠದಲ್ಲಿ ಅವರಿಗಿಂತ ಮೊದಲು ಇದ್ದವರು ಬ್ರಜೇಂದ್ರನಾಥ ಸೀಲ್, ಮತ್ತು ಸೀಲ್ ಬಂದದ್ದು ಮೈಸೂರಿಗೆ, ಎರಡನೆಯ ಕುಲಪತಿಯಾಗಿ. ಹೀಗೆ ಎರಡು ಊರುಗಳು ತಮ್ಮ ತತ್ತ್ವಜ್ಞರನ್ನು ಅದಲುಬದಲು ಮಾಡಿಕೊಂಡವು. ನರೇಂದ್ರನಾಥನಾಗಿದ್ದ ಕಾಲದ ವಿವೇಕಾನಂದರ ಸಹಪಾಠಿಯಾಗಿದ್ದ ಸೀಲ್ ಅಪಾರ ಓದಿನ ಮನುಷ್ಯ. ಪ್ರಾಚೀನ ಭಾರತೀಯರ ಭೌತವಿಜ್ಞಾನ, ರಸಾಯನ, ಜೀವಶಾಸ್ತ್ರ ಕಲ್ಪನೆಗಳನ್ನು ಕುರಿತ ಅವರ ಗ್ರಂಥ 1915ರಲ್ಲಿ ಪ್ರಕಟವಾಗಿತ್ತು. ವೈಷ್ಣವ ಮತವನ್ನೂ ಕ್ರೈಸ್ತ ಮತವನ್ನೂ ಅಕ್ಕಪಕ್ಕ ಇಟ್ಟು ಅವರು ಮಾಡಿದ ಅಧ್ಯಯನ 1899ರದು. ಧರ್ಮಗಳನ್ನು ಮತಬೋಧನೆಯ ವಸ್ತುವಾಗಿ ನೋಡದೆ ತೌಲನಿಕ ವಿಚಾರದ ವಸ್ತುವಾಗಿ ನೋಡಬಹುದೆಂಬ ನಿಲುವನ್ನು ಬರವಣಿಗೆಯಲ್ಲಿ ಸಾಧಿಸಿ ತೋರಿಸಿದ್ದ ವ್ಯಕ್ತಿ 1930ರವರೆಗೆ ವಿಶ್ವವಿದ್ಯಾನಿಲಯದ ಚುಕ್ಕಾಣಿ ಹಿಡಿದಿದ್ದರು.

ಆದರೂ ಮೈಸೂರಿನ ತತ್ತ್ವಶಾಸ್ತ್ರದ ಪಾಠಕ್ಕೆ ಅದರ ಸ್ವಂತ ರೂಪ ಕೊಟ್ಟವರು ಆ ವಿಭಾಗಕ್ಕೆ ಸೇರಿದವರಲ್ಲ. ಮೈಸೂರು ಹಿರಿಯಣ್ಣ ಸಂಸ್ಕೃತದ ಪ್ರಾಧ್ಯಾಪಕರು. 1871ರಲ್ಲಿ ಹುಟ್ಟಿದ ಅವರು ಮೊದಲು ಓರಿಯಂಟಲ್ ಲೈಬ್ರರಿಯಲ್ಲಿ ಕೆಲಸ ಮಾಡಿದ್ದರು. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿ 1909ರಲ್ಲಿ ಅಚ್ಚುಮಾಡಿದ ಗ್ರಂಥಾಲಯ ಅದೇ. ಹಸ್ತಪ್ರತಿಯ ಅಕ್ಷರ ಅಕ್ಷರವನ್ನು ತೂಗಿ ನೋಡುವ ಅಭ್ಯಾಸ ಹಿರಿಯಣ್ಣನವರ ಬರಹದಲ್ಲಿ ಕೊನೆಯವರೆಗೂ ಉಳಿಯಿತು. 1912ರಲ್ಲಿ ಮಹಾರಾಜ ಕಾಲೇಜಿಗೆ ಬಂದು 1927ರಲ್ಲಿ ನಿವೃತ್ತರಾದರು. ಅವರು ಸಂಪಾದಿಸಿದ ಗ್ರಂಥಗಳೆಲ್ಲ ಕಠಿಣ ವೇದಾಂತದವು: 1925ರಲ್ಲಿ ಸುರೇಶ್ವರನ ‘ನೈಷ್ಕರ್ಮ್ಯಸಿದ್ಧಿ’, 1929ರಲ್ಲಿ ಸದಾನಂದನ ‘ವೇದಾಂತಸಾರ’, 1933ರಲ್ಲಿ ಬರೋಡದ ಗಾಯಕವಾಡ ಮಾಲೆಯಲ್ಲಿ ವಿಮುಕ್ತಾತ್ಮನ ‘ಇಷ್ಟಸಿದ್ಧಿ’. ಪಾಠಶಾಲೆಯ ಪಂಡಿತರ ಸಾಮಗ್ರಿಯನ್ನು ಅವರಷ್ಟೇ ಆಳವಾಗಿ ಬಲ್ಲವರಾಗಿದ್ದು, ಕಾಲೇಜಿನ ಇಂಗ್ಲಿಷ್ ತರಗತಿಯಲ್ಲಿ ನಿಂತು ಪಾಠ ಹೇಳಬಲ್ಲವರೂ ಆಗಿದ್ದರು.

ಹಲವು ವರ್ಷ ಅವರು ಕಾಲೇಜಿನಲ್ಲಿ ಕೊಟ್ಟ ಉಪನ್ಯಾಸಗಳೇ 1932ರಲ್ಲಿ ಲಂಡನ್ನಿನ ಜಾರ್ಜ್ ಆಲೆನ್ ಅಂಡ್ ಅನ್‌ವಿನ್ ಸಂಸ್ಥೆ ಪ್ರಕಟಿಸಿದ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ಗೆ ಆಧಾರ. ಈ ಪುಸ್ತಕವನ್ನು ಬಿಚ್ಚಿ ಅದರ ಕಟ್ಟಡವನ್ನು ನೋಡುವುದು ಮೈಸೂರಿನ ಪದವಿ ತರಗತಿಯನ್ನು ನೋಡಿದಂತೆಯೇ. ವೇದಕಾಲ, ವೇದೋತ್ತರ ಕಾಲದ ಪೂರ್ವಭಾಗ, ದರ್ಶನಗಳ ಕಾಲ ಎಂದು ಮೂರು ಭಾಗ. ಒಟ್ಟು ಹದಿನಾಲ್ಕು ಅಧ್ಯಾಯ. ಉಪನಿಷತ್ತುಗಳಾದ ಮೇಲೆ ಗೀತೆ, ಆಮೇಲೆ ಆದಿ ಬೌದ್ಧ ಮತ್ತು ಜೈನ. ದರ್ಶನಗಳ ಭಾಗದಲ್ಲಿ ಚಾರ್ವಾಕರ ಭೌತವಾದಕ್ಕೊಂದು ಅಧ್ಯಾಯ, ನಂತರದ ಬೌದ್ಧ ಶಾಖೆಗಳು, ನ್ಯಾಯ-ವೈಶೇಷಿಕ, ಸಾಂಖ್ಯ-ಯೋಗ, ಪೂರ್ವಮೀಮಾಂಸೆ, ಕೊನೆಗೆ ಅದ್ವೈತ, ವಿಶಿಷ್ಟಾದ್ವೈತ. ದರ್ಶನಗಳನ್ನೆಲ್ಲ ಒಂದೇ ಗ್ರಂಥದಲ್ಲಿ ಸೇರಿಸುವುದು ಹೊಸದೇನಲ್ಲ. ಹದಿನಾಲ್ಕನೆಯ ಶತಮಾನದ ಮಾಧವಾಚಾರ್ಯರ ‘ಸರ್ವದರ್ಶನಸಂಗ್ರಹ’ವೂ ಚಾರ್ವಾಕರಿಂದಲೇ ತೊಡಗುತ್ತದೆ. ಅಲ್ಲಿ ಒಂದೊಂದು ದರ್ಶನವೂ ಮುಂದಿನದರಿಂದ ಖಂಡಿತವಾಗುತ್ತಾ ಮೆಟ್ಟಿಲುಗಳಂತೆ ಮೇಲೇರುತ್ತವೆ. ಹಿರಿಯಣ್ಣನವರಲ್ಲಿ ಮೆಟ್ಟಿಲಿಲ್ಲ. ಬೌದ್ಧರ ಅಧ್ಯಾಯ ಓದುವಾಗ ಬೌದ್ಧನೊಬ್ಬ ತನ್ನ ನಿಲುವನ್ನು ಹೇಗೆ ಸಮರ್ಥಿಸಿಕೊಳ್ಳುತ್ತಿದ್ದನೋ ಹಾಗೆಯೇ ಅದು ನಿಲ್ಲುತ್ತದೆ. ಪಾಠಶಾಲೆಯಲ್ಲಿ ಪೂರ್ವಪಕ್ಷವಾಗಿದ್ದದ್ದು ಇಲ್ಲಿ ತನ್ನ ಅಧ್ಯಾಯದ ಮಟ್ಟಿಗೆ ಸಿದ್ಧಾಂತ. ಪದವಿಯ ಓದು ಪಾಠಶಾಲೆಯ ಓದಿಗೆ ಸೇರಿಸಿದ ಹೊಸ ಅಂಶ ಇದೇ, ಮತ್ತು ಇದು ಸಣ್ಣದಲ್ಲ.

ಹಿರಿಯಣ್ಣನವರು ಇನ್ನೊಂದು ವಿಷಯದಲ್ಲಿ ಪಾಠಶಾಲೆಯ ಸಂಸ್ಕಾರವನ್ನು ಬಿಡಲಿಲ್ಲ. ಒಂದು ದರ್ಶನದ ಜ್ಞಾನಮೀಮಾಂಸೆ, ಪದಾರ್ಥಗಳ ವಿಚಾರ ಮುಗಿದ ಮೇಲೆ ಆ ದರ್ಶನ ಮನುಷ್ಯನಿಗೆ ಯಾವ ಸಾಧನೆಯನ್ನು ವಿಧಿಸುತ್ತದೆ ಎಂಬುದಕ್ಕೆ ಅವರು ಬರುತ್ತಾರೆ. ಮೋಕ್ಷವನ್ನು ಗುರಿಯಾಗಿ ಇಟ್ಟುಕೊಳ್ಳುವುದು, ಅದಕ್ಕಾಗಿ ವೈರಾಗ್ಯವನ್ನು ಬೆಳೆಸಿಕೊಳ್ಳುವುದು ಇವೆರಡೂ ಭಾರತೀಯ ದರ್ಶನಗಳ ಸಾಮಾನ್ಯ ಲಕ್ಷಣವೆಂದು ಅವರ ಅಭಿಪ್ರಾಯ. ಹೀಗಾಗಿ ಧರ್ಮವನ್ನು ಹೆಸರಿಸದ ಪಠ್ಯಕ್ರಮದೊಳಗೆ ಧಾರ್ಮಿಕ ಬದುಕಿನ ವಿಚಾರ ತತ್ತ್ವಶಾಸ್ತ್ರದ ಒಂದು ಭಾಗವಾಗಿಯೇ ಒಳಬಂತು. ‘ಔಟ್‌ಲೈನ್ಸ್’ನಲ್ಲಿ ಒಂದು ಲೋಪ ಎದ್ದು ಕಾಣುತ್ತದೆ: ಕನ್ನಡ ನಾಡಿನಲ್ಲೇ ಹುಟ್ಟಿದ ಮಧ್ವರ ದ್ವೈತಕ್ಕೆ ಅದರಲ್ಲಿ ಅಧ್ಯಾಯವಿಲ್ಲ. 1949ರಲ್ಲಿ ಬಂದ ‘ದಿ ಎಸೆನ್ಶಿಯಲ್ಸ್ ಆಫ್ ಇಂಡಿಯನ್ ಫಿಲಾಸಫಿ’ ದ್ವೈತವನ್ನೂ ಸೇರಿಸಿಕೊಂಡಿತು. ಮರುವರ್ಷ ಅವರು ತೀರಿಕೊಂಡರು. ಅಲ್ಲಲ್ಲಿ ಚದುರಿದ್ದ ಅವರ ಲೇಖನಗಳನ್ನು ಮೈಸೂರಿನ ಕಾವ್ಯಾಲಯ ಪ್ರಕಾಶನ 1950ರ ದಶಕದಲ್ಲಿ ಪುಸ್ತಕಗಳಾಗಿ ತಂದಿತು; ರಸಾನುಭವವನ್ನು ಕುರಿತ ‘ಆರ್ಟ್ ಎಕ್ಸ್‌ಪೀರಿಯನ್ಸ್’ ಅವುಗಳಲ್ಲೊಂದು. ಪಂಡಿತರ ಕಡೆಯಿಂದಲೂ ‘ಔಟ್‌ಲೈನ್ಸ್’ ಬಂದ ಕಾಲದಲ್ಲೇ ಒಂದು ಸರ್ವದರ್ಶನ ಪರಿಚಯ ಬಂದಿತ್ತೆಂಬುದನ್ನು ಇಲ್ಲಿ ಹೇಳಬೇಕು: ಲಕ್ಷ್ಮೀಪುರಂ ಶ್ರೀನಿವಾಸಾಚಾರ್ಯರ ಸಂಸ್ಕೃತ ಗ್ರಂಥ ‘ದರ್ಶನೋದಯ’, ಮೈಸೂರು, 1933. ಒಂದು ವರ್ಷದ ಅಂತರದಲ್ಲಿ ಒಂದೇ ಊರಿನ ಎರಡು ಪರಂಪರೆಗಳು ಒಂದೇ ಬಗೆಯ ಕೆಲಸಕ್ಕೆ ಕೈಹಾಕಿದ್ದು ಆಕಸ್ಮಿಕವಿರಲಾರದು.

1936ರಲ್ಲಿ ರಾಧಾಕೃಷ್ಣನ್ ಮತ್ತು ಮ್ಯೂರ್‌ಹೆಡ್ ಸಂಪಾದಿಸಿದ ‘ಕಾಂಟೆಂಪೊರರಿ ಇಂಡಿಯನ್ ಫಿಲಾಸಫಿ’ ಎಂಬ ಸಂಪುಟದಲ್ಲಿ ಗಾಂಧೀಜಿ, ಠಾಕೂರ್, ಆನಂದ ಕುಮಾರಸ್ವಾಮಿ, ಸುರೇಂದ್ರನಾಥ ದಾಸಗುಪ್ತ ಮೊದಲಾದವರ ಜೊತೆಗೆ ಮೈಸೂರಿನ ನಂಟಿದ್ದ ನಾಲ್ವರು ಬರೆದಿದ್ದಾರೆ: ರಾಧಾಕೃಷ್ಣನ್, ಹಿರಿಯಣ್ಣ, ವಾಡಿಯಾ, ವಿ. ಸುಬ್ರಹ್ಮಣ್ಯ ಅಯ್ಯರ್. ಜಮಖಂಡಿಯಲ್ಲಿ ಹುಟ್ಟಿದ ಆರ್.ಡಿ. ರಾನಡೆಯವರ ಲೇಖನವೂ ಅದರಲ್ಲಿದೆ. ಇಡೀ ದೇಶದ ತತ್ತ್ವಚಿಂತನೆಯನ್ನು ಲೋಕಕ್ಕೆ ತೋರಿಸಲು ಹೊರಟ ಪುಸ್ತಕದಲ್ಲಿ ಒಂದು ಸಂಸ್ಥಾನದ ರಾಜಧಾನಿಗೆ ಸಿಕ್ಕ ಪಾಲು ಇಷ್ಟು.

ಇವರಲ್ಲಿ ಸುಬ್ರಹ್ಮಣ್ಯ ಅಯ್ಯರ್ ಅವರದು ಬೇರೆಯೇ ದಾರಿ. ಅವರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದವರು, ಮಹಾರಾಜರಿಗೆ ವೇದಾಂತ ಓದಿಸಿದವರು. ವೇದಾಂತವನ್ನು ನಂಬಿಕೆಯ ಮೇಲೆ ನಿಲ್ಲಿಸದೆ ಜಾಗ್ರತ್, ಸ್ವಪ್ನ, ಸುಷುಪ್ತಿ ಎಂಬ ಮೂರು ಅವಸ್ಥೆಗಳ ವಿಚಾರದ ಮೇಲೆ ನಿಲ್ಲಿಸಬೇಕೆಂದು ಅವರ ವಾದ. ರಾಮಕೃಷ್ಣ ಸಂಘದ ಸಂನ್ಯಾಸಿಗಳು ಮೈಸೂರಿಗೆ ಬಂದು ಅವರಲ್ಲಿ ಪಾಠ ಹೇಳಿಸಿಕೊಂಡರು. ಇಂಗ್ಲಿಷ್ ಲೇಖಕ ಪಾಲ್ ಬ್ರಂಟನ್ ಕೂಡ ಬಂದ. ಡೆಕಾರ್ತನ ಸ್ಮರಣೆಗೆಂದು 1937ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತಾರಾಷ್ಟ್ರೀಯ ತತ್ತ್ವಶಾಸ್ತ್ರ ಸಮ್ಮೇಳನಕ್ಕೆ ಅಯ್ಯರ್ ಹೋಗಿಬಂದರು. ಅದೇ ವರ್ಷ ಮೈಸೂರು ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ವೇದಾಂತ ಪ್ರಚಾರಕ್ಕೆಂದು ಫ್ರಾನ್ಸಿಗೆ ತೆರಳಿದರು. ವಿದ್ಯಾರ್ಥಿದೆಸೆಯಲ್ಲಿ ಕುವೆಂಪು ಅವರನ್ನು ಆಶ್ರಮಕ್ಕೆ ಕರೆದು ಇರಿಸಿಕೊಂಡವರು ಈ ಸ್ವಾಮಿಗಳೇ. ಪದವಿ ಕೊಡುವ ಕಾಲೇಜು, ಸಾಧನೆಯ ಆಶ್ರಮ, ಶಾಸ್ತ್ರದ ಪಾಠಶಾಲೆ, ಆಶ್ರಯ ಕೊಡುವ ಅರಮನೆ ಇವೆಲ್ಲ ಕೈಗೆಟುಕುವ ದೂರದಲ್ಲಿದ್ದದ್ದು ಆ ಕಾಲದ ಮೈಸೂರಿನ ಭಾಗ್ಯ. ಬರಿಯ ಪಠ್ಯಕ್ರಮವನ್ನು ನೋಡಿದರೆ ಈ ಒಳಹರಿವು ತಿಳಿಯುವುದಿಲ್ಲ.

ವಿಷಯದೊಳಗಿನ ಭಾಗಗಳು ಕಳಚಿಕೊಳ್ಳಲು ತೊಡಗಿದ್ದೂ ಇದೇ ವೇಳೆಯಲ್ಲಿ. ಮೊದಲು ಹೊರಟದ್ದು ಮನಶ್ಶಾಸ್ತ್ರ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ 1924ರಲ್ಲಿ ಪ್ರತ್ಯೇಕ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ದೇಶದಲ್ಲಿ ಅದಕ್ಕೆ ಮೊದಲು ಇಂಥ ವಿಭಾಗವಿದ್ದದ್ದು ಕಲ್ಕತ್ತದಲ್ಲಿ. ಮನಸ್ಸಿನ ವಿಚಾರ ಗ್ರಂಥದಿಂದ ಪ್ರಯೋಗಶಾಲೆಗೆ ಹೋಯಿತು. 

ತತ್ತ್ವಶಾಸ್ತ್ರ ಓದುವವರ ಸಂಖ್ಯೆ ಎಂದೂ ದೊಡ್ಡದಾಗಿರಲಿಲ್ಲ. ಓದಿದವರ ಮೇಲೆ ಆದ ಪರಿಣಾಮ ದೊಡ್ಡದು. ಇಂಟರ್‌ಮೀಡಿಯೆಟ್ ಮುಗಿಸಿದವರಿಗೆ ಮೂರು ವರ್ಷದ ಬಿ.ಎ. ಆನರ್ಸ್, ಅದರ ಮೇಲೆ ಒಂದು ವರ್ಷ ಓದಿದರೆ ಎಂ.ಎ. ಎಂಬ ಏರ್ಪಾಡಿತ್ತು. ಆನರ್ಸ್ ತರಗತಿಯಲ್ಲಿ ನಾಲ್ಕಾರು ಹುಡುಗರು ಅಧ್ಯಾಪಕರ ಎದುರು ಕೂತು ಪ್ಲೇಟೋ, ಕಾಂಟ್, ಶಂಕರ, ರಾಮಾನುಜರನ್ನು ಒಟ್ಟಿಗೆ ಓದಬಹುದಾಗಿತ್ತು. ದೇವುಡು ನರಸಿಂಹಶಾಸ್ತ್ರಿ ಮಹಾರಾಜ ಕಾಲೇಜಿನಲ್ಲಿ ಓದಿದ್ದು ರಾಧಾಕೃಷ್ಣನ್, ಹಿರಿಯಣ್ಣನವರ ಕಾಲದಲ್ಲಿ. ಮುಂದೆ ‘ಮಹಾಬ್ರಾಹ್ಮಣ’, ‘ಮಹಾಕ್ಷತ್ರಿಯ’, ‘ಮಹಾದರ್ಶನ’ ಕಾದಂಬರಿಗಳಲ್ಲಿ ವೇದೋಪನಿಷತ್ತುಗಳ ಲೋಕವನ್ನು ಅವರು ಕತೆಯಾಗಿಸಿದರು.

ಸ್ವಾತಂತ್ರ್ಯದ ಆಚೀಚಿನ ಪೀಳಿಗೆಯಲ್ಲಿ ಎಂ. ಯಾಮುನಾಚಾರ್ಯ, ಎಸ್.ಎಸ್. ರಾಘವಾಚಾರ್, ಎನ್.ಎ. ನಿಕಂ, ಜಿ. ಹನುಮಂತರಾಯರು ಮುಖ್ಯರು. ಯಾಮುನಾಚಾರ್ಯರು ಗಾಂಧೀವಾದಿ, ರಾಮಾನುಜರ ಉಪದೇಶವನ್ನು ಇಂಗ್ಲಿಷಿನಲ್ಲಿ ಸಂಗ್ರಹಿಸಿ ಕೊಟ್ಟವರು. ರಾಘವಾಚಾರ್ ರಾಮಾನುಜರ ‘ವೇದಾರ್ಥಸಂಗ್ರಹ’ವನ್ನು ಇಂಗ್ಲಿಷಿಗೆ ತಂದರು, ಅದನ್ನು 1956ರಲ್ಲಿ ಮೈಸೂರಿನ ರಾಮಕೃಷ್ಣಾಶ್ರಮ ಪ್ರಕಟಿಸಿತು. ಮಧ್ವರ ‘ವಿಷ್ಣುತತ್ತ್ವವಿನಿರ್ಣಯ’ವನ್ನೂ ಅವರು ಅನುವಾದಿಸಿದರು. ಶ್ರೀವೈಷ್ಣವ ಹಿನ್ನೆಲೆಯ ಪ್ರಾಧ್ಯಾಪಕರು ಮಾಧ್ವ ಗ್ರಂಥವನ್ನು ಅದೇ ಆಸ್ಥೆಯಿಂದ ಅನುವಾದಿಸಿದ್ದು ಹಿರಿಯಣ್ಣನವರ ತರಗತಿ ರೂಢಿಗೆ ತಂದ ಮನೋಧರ್ಮದ ಫಲವೆಂದೇ ತಿಳಿಯಬೇಕು. ನಿಕಂ ಅವರು ಅಮೆರಿಕದ ರಿಚರ್ಡ್ ಮೆಕಿಯನ್ ಜೊತೆ ಸೇರಿ ಅಶೋಕನ ಶಾಸನಗಳನ್ನು ಇಂಗ್ಲಿಷಿಗೆ ಅನುವಾದಿಸಿದರು (1959). ಕುವೆಂಪು ಅವರ ನಂತರ ಕುಲಪತಿಯೂ ಆದರು. ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಈ ಕಾಲೇಜಿನ ಪದವೀಧರರು. ದತ್ತಾತ್ರೇಯ ಸಂಪ್ರದಾಯದ ತತ್ತ್ವವನ್ನು ಕುರಿತು ಅವರು ಬರೆದ ಗ್ರಂಥ 1957ರಲ್ಲಿ ಪ್ರಕಟವಾಯಿತು.

ಈ ಪೀಳಿಗೆಯ ಕೈಯಲ್ಲಿ ಕಲಿತವರಲ್ಲಿ ಹೆಚ್ಚು ಹೆಸರಾದವರು ಎಸ್.ಎಲ್. ಭೈರಪ್ಪ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಹುಡುಗ ತತ್ತ್ವಶಾಸ್ತ್ರ ಹಿಡಿದದ್ದು ಕೆಲಸ ಸಿಗುತ್ತದೆಂದು ಅಲ್ಲ. ಪ್ಲೇಗಿನಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡವನಿಗೆ ಸಾವು ಎಂದರೇನೆಂಬ ಪ್ರಶ್ನೆ ಬಿಡದೆ ಕಾಡಿತ್ತು. ಆತ್ಮವೃತ್ತಾಂತ ‘ಭಿತ್ತಿ’ಯಲ್ಲಿ ಅವರು ಇದನ್ನು ವಿವರವಾಗಿ ಬರೆದಿದ್ದಾರೆ. ಮಹಾರಾಜ ಕಾಲೇಜಿನಲ್ಲಿ ಆನರ್ಸ್, ಎಂ.ಎ. ಮುಗಿಸಿ ಚಿನ್ನದ ಪದಕ ಪಡೆದರು. ಬರೋಡದಲ್ಲಿ ಸತ್ಯ ಮತ್ತು ಸೌಂದರ್ಯದ ಸಂಬಂಧವನ್ನು ಕುರಿತು ಡಾಕ್ಟರೇಟ್ ಮ​ಾಡಿದರು. ಹುಬ್ಬಳ್ಳಿ, ಗುಜರಾತಿನ ವಲ್ಲಭ ವಿದ್ಯಾನಗರ, ದೆಹಲಿಗಳಲ್ಲಿ ಪಾಠ ಹೇಳಿ ಮೈಸೂರಿಗೆ ಮರಳಿದರು. ಕೆಲಸಕ್ಕಾಗಿ ಇಷ್ಟು ಊರು ಸುತ್ತಬೇಕಾದದ್ದು ತತ್ತ್ವಶಾಸ್ತ್ರದ ಪದವೀಧರನ ಪಾಡು ಹೇಗಿತ್ತೆಂಬುದಕ್ಕೂ ಸಾಕ್ಷಿ. 1965ರ ‘ವಂಶವೃಕ್ಷ’ದಲ್ಲಿ ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ಶಾಸ್ತ್ರನಿಷ್ಠೆಯೂ ಮೈಸೂರು ಕಾಲೇಜಿನ ಪ್ರಾಧ್ಯಾಪಕ ಸದಾಶಿವರಾಯರ ಸಂಶೋಧನೆಯ ಹಂಬಲವೂ ಎದುರುಬದುರಾಗಿ ನಿಲ್ಲುತ್ತವೆ. ಪಾಠಶಾಲೆ ಮತ್ತು ಕಾಲೇಜು ಎಂಬ ಎರಡು ಲೋಕಗಳನ್ನು ಒಂದೇ ಕತೆಯಲ್ಲಿ ಹಿಡಿಯಲು ಸಾಧ್ಯವಾದದ್ದು ಎರಡನ್ನೂ ಹತ್ತಿರದಿಂದ ಬಲ್ಲ ಲೇಖಕನಿಗೆ.

ಕನ್ನಡದ ಮಟ್ಟಿಗೆ ಈ ಪದವಿಯ ಚರಿತ್ರೆ ಅಷ್ಟು ತೃಪ್ತಿ ಕೊಡುವುದಿಲ್ಲ. ಪಾಠ, ಪರೀಕ್ಷೆ, ಗ್ರಂಥ ಎಲ್ಲವೂ ಇಂಗ್ಲಿಷಿನಲ್ಲೇ ನಡೆದವು. 1930ರ ದಶಕದಲ್ಲಿ ವಿಶ್ವವಿದ್ಯಾನಿಲಯ ಶುರುಮಾಡಿದ ಪ್ರಚಾರೋಪನ್ಯಾಸಗಳು ಮತ್ತು ಕಿರುಹೊತ್ತಿಗೆಗಳು ಸಾಮಾನ್ಯ ಓದುಗರಿಗೆ ಅನೇಕ ವಿಷಯಗಳನ್ನು ಕನ್ನಡದಲ್ಲಿ ತಲುಪಿಸಿದರೂ ತರಗತಿಯ ಭಾಷೆ ಬದಲಾಗಲಿಲ್ಲ. ಪಾಶ್ಚಾತ್ಯ ತತ್ತ್ವಶಾಸ್ತ್ರದ ಇತಿಹಾಸವನ್ನು ಕನ್ನಡದಲ್ಲಿ ಬರೆಯುವ ಶ್ರಮವನ್ನು ಹನುಮಂತರಾಯರು ವಹಿಸಿಕೊಂಡರು. 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಕನ್ನಡ ಮಾಧ್ಯಮಕ್ಕೆ ಒತ್ತು ಕೊಟ್ಟ ಮೇಲೆ ಪಠ್ಯಗಳು ಬರತೊಡಗಿದವು, ಹಿರಿಯಣ್ಣನವರ ‘ಔಟ್‌ಲೈನ್ಸ್’ ಕೂಡ ಕನ್ನಡಕ್ಕೆ ಬಂತು. ಆದರೆ ಅದು ಬಂದದ್ದು ವಿಷಯದ ಮೇಲಿನ ಹಳೆಯ ಆಕರ್ಷಣೆ ಇಳಿಯುತ್ತಿದ್ದ ಹೊತ್ತಿನಲ್ಲಿ. ಮೂಲ ಉಪನ್ಯಾಸಗಳು ನಡೆದ ಊರಿನಲ್ಲೇ ಅವು ಊರಿನ ಭಾಷೆಯಲ್ಲಿ ಸಿಗಲು ದಶಕಗಳು ಹಿಡಿದದ್ದು ನೋವಿನ ಸಂಗತಿ.

ಸ್ನಾತಕೋತ್ತರ ವಿಭಾಗಗಳಿಗಾಗಿ ಊರಿನ ಪಶ್ಚಿಮಕ್ಕೆ ಕುವೆಂಪು ಕಟ್ಟಿಸಿ ಹೆಸರಿಟ್ಟ ಮಾನಸಗಂಗೋತ್ರಿಗೆ ತತ್ತ್ವಶಾಸ್ತ್ರ ಸೇರಿದ ಮೇಲೆ, ಧರ್ಮಗಳ ಅಧ್ಯಯನ ಅಲ್ಲಿ ಬೇರೆ ಬಾಗಿಲಿನಿಂದ ಬಂತು. ಭಾರತದ ವಿಶ್ವವಿದ್ಯಾನಿಲಯಗಳಲ್ಲಿ ಧರ್ಮಾಧ್ಯಯನಕ್ಕೆಂದೇ ವಿಭಾಗಗಳು ತೆರೆದದ್ದು ತಡವಾಗಿ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾನಿಲಯದ್ದು 1967ರದು. ಮೈಸೂರು ಎಲ್ಲ ಧರ್ಮಗಳಿಗೂ ಸೇರಿದ ಒಂದು ವಿಭಾಗವನ್ನು ಮಾಡಲಿಲ್ಲ, ಒಂದೊಂದು ಧರ್ಮಕ್ಕೆ ಒಂದೊಂದನ್ನು ಮಾಡಿತು. ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗಕ್ಕೆ 1971ರಲ್ಲಿ ಪ್ರಾಧ್ಯಾಪಕರಾಗಿ ಬಂದವರು ಬೆಳಗಾವಿ ಜಿಲ್ಲೆಯ ಸದಲಗಾದ ಆ.ನೇ. ಉಪಾಧ್ಯೆ. ಕುಂದಕುಂದರ ‘ಪ್ರವಚನಸಾರ’ವನ್ನು 1935ರಲ್ಲೇ ಸಂಪಾದಿಸಿ ಹೆಸರಾಗಿದ್ದ ಅವರು ಕೊಲ್ಹಾಪುರದಲ್ಲಿ ದೀರ್ಘಕಾಲ ಪಾಠ ಮಾಡಿದ್ದರು, ಕೊನೆಯ ವರ್ಷಗಳನ್ನು ಮೈಸೂರಿಗೆ ಕೊಟ್ಟು 1975ರಲ್ಲಿ ತೀರಿಕೊಂಡರು. ಶ್ರವಣಬೆಳಗೊಳವಿರುವ ನಾಡಿಗೆ ಈ ವಿಭಾಗ ಸಹಜವಾಗಿತ್ತು. ಕ್ರೈಸ್ತಧರ್ಮದ ಅಧ್ಯಯನಕ್ಕೂ ಮುಂದೆ ಪ್ರತ್ಯೇಕ ವಿಭಾಗ ಬಂತು. ಒಂದೊಂದು ಪರಂಪರೆಯ ಭಾಷೆ, ಗ್ರಂಥಗಳ ಆಳಕ್ಕೆ ಇಳಿಯಲು ಈ ಏರ್ಪಾಡು ಅನುಕೂಲ. ಆದರೆ ಎಲ್ಲ ದರ್ಶನಗಳನ್ನೂ ಒಂದೇ ಕೋಣೆಯಲ್ಲಿ, ಯಾವುದನ್ನೂ ಪೂರ್ವಪಕ್ಷವಾಗಿಸದೆ ಓದುವ ಅವಕಾಶ ಇದರಿಂದ ಕಿರಿದಾಯಿತು. ಸೀಲ್ ಅವರ ತೌಲನಿಕ ಕಲ್ಪನೆಗೆ ಇದು ದೂರವಾದ ದಾರಿ.

ಪಾಠಶಾಲೆ ಈ ನಡುವೆ ತನ್ನ ಪಾಡಿಗೆ ಉಳಿದುಕೊಂಡು ಬಂತು. ಅಲ್ಲಿ ಅದ್ವೈತ ಓದಿದ ಕೆ. ಪಟ್ಟಾಭಿ ಜೋಯಿಸರು 1937ರಿಂದ 1973ರವರೆಗೆ ಅಲ್ಲಿಯೇ ಯೋಗದ ಅಧ್ಯಾಪಕರಾಗಿದ್ದರು. ಅವರ ಗುರು ಟಿ. ಕೃಷ್ಣಮಾಚಾರ್ಯರು 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದವರು. ಇಂದು ಗೋಕುಲಂ ಬಡಾವಣೆಗೆ ಅಷ್ಟಾಂಗ ಯೋಗ ಕಲಿಯಲು ಬರುವ ವಿದೇಶೀಯರ ಪರಂಪರೆಯ ಮೂಲ ಹೀಗೆ ಮೈಸೂರಿನ ಶಾಸ್ತ್ರಪಾಠದವರೆಗೂ ಹೋಗುತ್ತದೆ. 2010ರಲ್ಲಿ ಕರ್ನಾಟಕ ಸಂಸ್ಕೃತ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಬಳಿಕ ರಾಜ್ಯದ ಸಂಸ್ಕೃತ ಶಿಕ್ಷಣಕ್ಕೆ ತನ್ನದೇ ವಿಶ್ವವಿದ್ಯಾನಿಲಯದ ಚೌಕಟ್ಟು ಸಿಕ್ಕಿತು. ಪಂಡಿತರ ಓದೂ ಪದವಿಯ ಲೆಕ್ಕಕ್ಕೆ ಬಂತು.

ತತ್ತ್ವಶಾಸ್ತ್ರ ವಿಭಾಗ ಇಂದೂ ಮಾನಸಗಂಗೋತ್ರಿಯಲ್ಲಿ ಎಂ.ಎ. ಪಾಠ ನಡೆಸುತ್ತಿದೆ. ಹಿರಿಯಣ್ಣನವರ ಪುಸ್ತಕಗಳು ಈಗಲೂ ಮರುಮುದ್ರಣವಾಗುತ್ತಿವೆ. ಅವುಗಳ ಓದುಗರಲ್ಲಿ ದೊಡ್ಡ ಪಾಲು ಈಗ ತರಗತಿಯ ಹೊರಗಿನದು: ಕೇಂದ್ರ ಲೋಕಸೇವಾ ಆಯೋಗದ ಸಿವಿಲ್ ಸೇವಾ ಪರೀಕ್ಷೆಗೆ ತತ್ತ್ವಶಾಸ್ತ್ರವನ್ನು ಐಚ್ಛಿಕವಾಗಿ ಆರಿಸಿಕೊಳ್ಳುವವರು. ಆ ಪರೀಕ್ಷೆಯಲ್ಲಿ 250 ಅಂಕಗಳ ಎರಡು ಪತ್ರಿಕೆ. ಮೊದಲನೆಯದರಲ್ಲಿ ಪ್ಲೇಟೋವಿನಿಂದ ಹಿಡಿದು ಚಾರ್ವಾಕ, ಜೈನ, ಬೌದ್ಧ, ವೇದಾಂತಗಳವರೆಗೆ. ಎರಡನೆಯದರಲ್ಲಿ ಸಮಾಜ-ರಾಜಕೀಯ ತತ್ತ್ವದ ಜೊತೆಗೆ ಧರ್ಮದ ತತ್ತ್ವಶಾಸ್ತ್ರ. 1854ರ ನೀತಿ ಪದವಿಯಿಂದ ಹೊರಗಿಟ್ಟಿದ್ದ ವಿಷಯ ಹೀಗೆ ಸರ್ಕಾರದ್ದೇ ಪರೀಕ್ಷೆಯ ಪಠ್ಯಕ್ರಮದಲ್ಲಿ ಹೆಸರು ಹಿಡಿದು ಸೇರಿಕೊಂಡಿದೆ, ಅದಕ್ಕೆ ಸಿದ್ಧರಾಗುವವರು ಮಹಾರಾಜ ಕಾಲೇಜಿನ ಹಳೆಯ ಉಪನ್ಯಾಸಗಳನ್ನು ಓದುತ್ತಿದ್ದಾರೆ.